ತಡವಾಗಿ ಬಂದ ಮಕ್ಕಳು: ಸಾಂಕ್ರಾಮಿಕದ ದಿನಗಳಲ್ಲಿ ಮಕ್ಕಳ ಸಕ್ಕರೆ ಕಾಯಿಲೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ವೈದ್ಯಕೀಯದ ಒಂದು ವಿಷಯವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ, ವೈದ್ಯರಲ್ಲದವರಿಗೂ ತಿಳಿಯುವಂತೆ ಹೇಳಿಸಬೇಕೆಂಬುದು ಈ ದತ್ತಿಯ ಆಶಯ. ಈ ಸಲ ನನ್ನನ್ನು ಕರೆದಾಗ ವಿಷಯಕ್ಕಾಗಿ ಹುಡುಕಬೇಕಾಗಲಿಲ್ಲ. ಕೋವಿಡ್ ಕಾಲದ ಬಗ್ಗೆ ಎಷ್ಟೋ ಮಾತುಗಳು ಆಗಿವೆ. ಆ ಗದ್ದಲದ ನಡುವೆ ಆಸ್ಪತ್ರೆಗೆ ತಡವಾಗಿ ಬಂದ ಸಕ್ಕರೆ ಕಾಯಿಲೆಯ ಮಕ್ಕಳ ಬಗ್ಗೆ ಆಗಬೇಕಾದಷ್ಟು ಮಾತು ಆಗಿಲ್ಲ. ಮಕ್ಕಳ ವೈದ್ಯನಾದ ನನಗೆ ಅದನ್ನು ಹೇಳುವ ಹೊಣೆ ಇದೆ.

ನನ್ನ ಮಾತಿನ ಸಾರವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕೋವಿಡ್‌ನ ಆ ಎರಡು ವರ್ಷಗಳಲ್ಲಿ ಈ ಮಕ್ಕಳಿಗಾದ ಹಾನಿಯಲ್ಲಿ ದೊಡ್ಡ ಪಾಲು ಆದದ್ದು ತಡದಿಂದ. ರೋಗವನ್ನು ಗುರುತಿಸುವುದು ತಡವಾಯಿತು, ಆಸ್ಪತ್ರೆಗೆ ಹೊರಡುವುದು ತಡವಾಯಿತು, ಆಸ್ಪತ್ರೆಯೊಳಗೆ ಸರಿಯಾದ ಪರೀಕ್ಷೆ ಆಗುವುದು ತಡವಾಯಿತು. ವೈರಾಣುವಿನ ಮೇಲೆ ನಮ್ಮ ಹಿಡಿತ ಕಡಿಮೆ. ತಡದ ಮೇಲೆ ನಮಗೆ ಪೂರ್ತಿ ಹಿಡಿತ ಸಾಧ್ಯ. ಆ ತಡ ಸಾಂಕ್ರಾಮಿಕಕ್ಕೂ ಮುಂಚೆ ನಮ್ಮಲ್ಲಿತ್ತು, ಅದು ಮುಗಿದ ಮೇಲೂ ಉಳಿದಿದೆ. ಅದಕ್ಕಾಗಿಯೇ ಇವತ್ತು ಈ ಮಾತು.

ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ

ಸಕ್ಕರೆ ಕಾಯಿಲೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ನಲವತ್ತು ದಾಟಿದವರು, ಬೆಳಗಿನ ವಾಕಿಂಗ್, ಊಟಕ್ಕೆ ಮುಂಚಿನ ಮಾತ್ರೆ. ಮಕ್ಕಳಿಗೆ ಬರುವ ಟೈಪ್ 1 ಮಧುಮೇಹ ಬೇರೆಯದೇ ರೋಗ. ಮಗು ಸಿಹಿ ತಿಂದದ್ದರಿಂದ ಅದು ಬರುವುದಿಲ್ಲ. ತಾಯಿಯ ಯಾವ ತಪ್ಪಿನಿಂದಲೂ ಬರುವುದಿಲ್ಲ. ರೋಗಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇದು ಒಳಗೊಳಗೇ ನಡೆಯುತ್ತದೆ. ಅಳಿದುಳಿದ ಕೋಶಗಳು ದೇಹದ ಬೇಡಿಕೆಯನ್ನು ತೂಗಿಸಲಾರದ ದಿನ ರೋಗ ಹೊರಗೆ ಕಾಣಿಸಿಕೊಳ್ಳುತ್ತದೆ.

ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ಎಷ್ಟಿದ್ದರೂ ಅದು ಕೋಶಗಳ ಒಳಗೆ ಹೋಗಲಾರದು. ಕಣಜದಲ್ಲಿ ಕಾಳು ತುಂಬಿ ಬಾಗಿಲು ತೆರೆಯದೆ ಹೋದ ಮನೆಯ ಸ್ಥಿತಿ ಅದು. ಒಲೆ ಉರಿಯಬೇಕೆಂದರೆ ಮನೆಯವರು ತೊಲೆ ಜಂತೆಗಳನ್ನೇ ಕಿತ್ತು ಸುಡಬೇಕು. ದೇಹ ತನ್ನ ಕೊಬ್ಬನ್ನು ಕರಗಿಸಿ ಉರಿಸತೊಡಗುತ್ತದೆ. ಹಾಗೆ ಉರಿದಾಗ ಹುಟ್ಟುವ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಸೇರುತ್ತವೆ. ಇನ್ನೊಂದು ಕಡೆ, ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಲವಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಮಗು ಒಣಗುತ್ತದೆ, ರಕ್ತ ಹುಳಿಯಾಗುತ್ತದೆ. ಈ ಸ್ಥಿತಿಗೆ ಡಯಾಬಿಟಿಕ್ ಕೀಟೋಅಸಿಡೋಸಿಸ್ ಎಂದು ಹೆಸರು. ಆಸ್ಪತ್ರೆಗಳಲ್ಲಿ ಚಿಕ್ಕದಾಗಿ ಡಿಕೆಎ ಎನ್ನುತ್ತೇವೆ. ರಕ್ತದ ಸಕ್ಕರೆ 200 ಮಿಲಿಗ್ರಾಂ ದಾಟಿರುವುದು, ಕೀಟೋನ್ ಏರಿರುವುದು, ರಕ್ತದ ಹುಳಿಯನ್ನು ಅಳೆಯುವ ಪಿಎಚ್ 7.3ಕ್ಕಿಂತ ಕೆಳಗಿಳಿದಿರುವುದು ಇದರ ಲಕ್ಷಣ. ಪಿಎಚ್ 7.1ಕ್ಕಿಂತ ಕೆಳಗಿಳಿದರೆ ತೀವ್ರ ಎನ್ನುತ್ತೇವೆ. ಆರೋಗ್ಯವಂತರಲ್ಲಿ ಅದು 7.35ರಿಂದ 7.45ರ ಒಳಗೆ ಇರುತ್ತದೆ. ಅಂಕಿಯಲ್ಲಿ ಅಂತರ ಚಿಕ್ಕದು, ಮಗುವಿನ ಜೀವಕ್ಕೆ ಬಹಳ ದೊಡ್ಡದು.

ಇದು ಒಂದೇ ದಿನದಲ್ಲಿ ಆಗುವುದಿಲ್ಲ. ಸಾಮಾನ್ಯವಾಗಿ ಒಂದೆರಡು ವಾರ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ, ಮನೆಯವರ ಕಣ್ಣಿಗೆ ಬೀಳುವಂಥ ಸೂಚನೆಗಳು ಇರುತ್ತವೆ. ಮಗು ಚೊಂಬುಗಟ್ಟಲೆ ನೀರು ಕುಡಿಯುತ್ತದೆ. ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಎರಡು ಮೂರು ವರ್ಷದ ಹಿಂದೆಯೇ ಬಿಟ್ಟಿದ್ದ ಮಗು ಮತ್ತೆ ಶುರುಮಾಡುತ್ತದೆ. ಬಚ್ಚಲಲ್ಲಿ ಇರುವೆ ಮುತ್ತುವುದನ್ನು ಕಂಡ ಅಜ್ಜಿಯರೂ ಇದ್ದಾರೆ. ಊಟ ಮಾಡಿದರೂ ಮಗು ಇಳಿದುಹೋಗುತ್ತದೆ; ಚಡ್ಡಿ, ಲಂಗ ಸೊಂಟದಲ್ಲಿ ನಿಲ್ಲುವುದಿಲ್ಲ. ಈ ಹಂತದಲ್ಲಿ ಬೆರಳ ತುದಿಯ ಒಂದು ಹನಿ ರಕ್ತ ನೋಡಿದರೆ ಮಗುವಿಗೆ ಐಸಿಯು ಬೇಕಾಗುವುದೇ ಇಲ್ಲ. ಇನ್ಸುಲಿನ್ ಶುರುಮಾಡಿ, ಮನೆಯವರಿಗೆ ಕಲಿಸಿ, ಕೆಲವೇ ದಿನಗಳಲ್ಲಿ ಕಳಿಸಬಹುದು. ಈ ಹಂತ ಕೈತಪ್ಪಿದರೆ ವಾಂತಿ, ಹೊಟ್ಟೆನೋವು, ಆಮೇಲೆ ಏದುಸಿರು, ಮಂಪರು. ಆ ಆಳವಾದ, ದಣಿದ ಉಸಿರಾಟವನ್ನು 1874ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ ವಿವರಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ರಕ್ತದ ಹುಳಿಯನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಹೊರಹಾಕಲು ದೇಹ ಪಡುವ ಪಾಡು ಅದು. ಶ್ವಾಸಕೋಶದಲ್ಲಿ ಯಾವ ದೋಷವೂ ಇರುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೂರು ವರ್ಷದ ಔಷಧ

ಇನ್ಸುಲಿನ್ ಸಿಗುವ ಮೊದಲು ಈ ರೋಗ ಬಂದ ಮಗು ಸಾಮಾನ್ಯವಾಗಿ ಒಂದೆರಡು ವರ್ಷವಷ್ಟೇ ಬದುಕುತ್ತಿತ್ತು. ಆಯಸ್ಸನ್ನು ಕೆಲವು ತಿಂಗಳು ಎಳೆಯಲು ವೈದ್ಯರ ಬಳಿ ಇದ್ದ ಉಪಾಯವೆಂದರೆ ಅನ್ನ ಕಡಿಮೆ ಮಾಡುವುದು, ಮಗುವನ್ನು ಹಸಿವಿನಲ್ಲಿಡುವುದು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರೊಫೆಸರ್ ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಆ ಸಾರ ಶುದ್ಧವಾಗಿರಲಿಲ್ಲ, ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗನ ಸಕ್ಕರೆ ಇಳಿಯಿತು, ಕೀಟೋನ್ ಮಾಯವಾಯಿತು. ಸಂಶೋಧಕರು ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಆ ಸಂಶೋಧನೆಗೆ ನೂರು ತುಂಬಿದ 2021ರಲ್ಲಿ ನಾವು ಕೋವಿಡ್‌ನ ಎರಡನೇ ಅಲೆಯಲ್ಲಿ ಮುಳುಗಿದ್ದೆವು. ಔಷಧ ಸಿಕ್ಕಿ ಒಂದು ಶತಮಾನ ಕಳೆದಿತ್ತು. ಆದರೂ ಇನ್ಸುಲಿನ್ ಸಿಗುವ ಹೊತ್ತಿಗೆ ಅರ್ಧ ಜೀವವಾಗಿದ್ದ ಮಕ್ಕಳನ್ನು ನಾವು ಐಸಿಯುಗೆ ಸೇರಿಸಿಕೊಳ್ಳುತ್ತಿದ್ದೆವು.

ಜರ್ಮನಿಯ ಅಂಕಿಗಳು ಹೇಳುವ ಕಥೆ

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಸಾರಿತು. ಜರ್ಮನಿಯಲ್ಲಿ ಮಧುಮೇಹದ ಮಕ್ಕಳ ವಿವರವನ್ನು ದೇಶದ ಉದ್ದಗಲದ ಕೇಂದ್ರಗಳಿಂದ ಒಂದೆಡೆ ಸೇರಿಸುವ ನೋಂದಣಿ ವ್ಯವಸ್ಥೆ ಮೊದಲಿನಿಂದಲೂ ಇದೆ. ಅಲ್ಲಿನ ವೈದ್ಯರು ಮಾರ್ಚ್ 13ರಿಂದ ಮೇ 13ರವರೆಗಿನ ಎರಡು ತಿಂಗಳ ಲೆಕ್ಕ ತೆಗೆದರು. ಆ ಅವಧಿಯಲ್ಲಿ ಹೊಸದಾಗಿ ಟೈಪ್ 1 ಮಧುಮೇಹ ಪತ್ತೆಯಾದ ಮಕ್ಕಳು, ಹದಿಹರೆಯದವರು 532. ಅವರಲ್ಲಿ ಶೇ. 44.7ರಷ್ಟು ಮಂದಿ ಬರುವಾಗಲೇ ಕೀಟೋಅಸಿಡೋಸಿಸ್ ಸ್ಥಿತಿಯಲ್ಲಿದ್ದರು. ಹಿಂದಿನ ವರ್ಷ ಅದೇ ಎರಡು ತಿಂಗಳಲ್ಲಿ ಇದು ಶೇ. 24.5, ಅದರ ಹಿಂದಿನ ವರ್ಷ 24.1. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಂತೂ ಶೇ. 18.4 ಇದ್ದದ್ದು 51.9ಕ್ಕೆ ಏರಿತ್ತು. ತನಗೇನಾಗುತ್ತಿದೆ ಎಂದು ಹೇಳಲು ಬಾರದ ವಯಸ್ಸಿನ ಮಕ್ಕಳು ಹೆಚ್ಚು ಪೆಟ್ಟು ತಿಂದರು.

ಗಮನಿಸಿ: ಜರ್ಮನಿಯಲ್ಲಿ ಆ ಎರಡು ತಿಂಗಳು ಆಸ್ಪತ್ರೆಗಳು ತೆರೆದಿದ್ದವು, ಆಂಬುಲೆನ್ಸ್ ಓಡುತ್ತಿತ್ತು, ಮಕ್ಕಳ ಚಿಕಿತ್ಸೆಗೆ ವಿಮೆ ಇತ್ತು. ಹಾಗಿದ್ದರೂ ಪ್ರಮಾಣ ಹತ್ತಿರ ಹತ್ತಿರ ಇಮ್ಮಡಿಯಾಯಿತು. ಹಾಸಿಗೆ ಇದ್ದರೂ ಜನ ಬರಲಿಲ್ಲ, ಬಹುಶಃ ಬರಲು ಹೆದರಿದರು. ಇಟಲಿಯ ಐದು ಆಸ್ಪತ್ರೆಗಳ ವೈದ್ಯರು 2020ರ ಮಾರ್ಚ್ ಕೊನೆಯ ಒಂದೇ ವಾರದಲ್ಲಿ ಕಂಡ, ಕೋವಿಡ್ ಭಯದಿಂದ ತಡವಾಗಿ ಬಂದ ಹನ್ನೆರಡು ಮಕ್ಕಳ ವಿವರ ಪ್ರಕಟಿಸಿದರು. ಅವರ ಕಾಯಿಲೆಗಳು ಬೇರೆ ಬೇರೆ; ಕೀಟೋಅಸಿಡೋಸಿಸ್ ಕೂಡ ಅವುಗಳಲ್ಲಿತ್ತು. ನಾಲ್ವರು ಬದುಕಲಿಲ್ಲ.

ಇದು ಮೊದಲ ಅಲೆಯ ಗಾಬರಿ, ಆಮೇಲೆ ಸರಿಹೋಯಿತು ಎಂದುಕೊಳ್ಳುವಂತೆಯೂ ಇಲ್ಲ. ಮುಂದೆ 13 ದೇಶಗಳ ನೋಂದಣಿಗಳನ್ನು ಒಟ್ಟು ಸೇರಿಸಿ, 2006ರಿಂದ 2021ರವರೆಗೆ ರೋಗ ಪತ್ತೆಯಾದ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ವಿವರವನ್ನು ಸಂಶೋಧಕರು ಪರಿಶೀಲಿಸಿದರು. ಹಿಂದಿನ ವರ್ಷಗಳ ಗತಿಯಂತೆ 2020ರಲ್ಲಿ ಶೇ. 32.5 ಮಕ್ಕಳು ಕೀಟೋಅಸಿಡೋಸಿಸ್ ಸ್ಥಿತಿಯಲ್ಲಿ ಬರಬಹುದಿತ್ತು, ಬಂದವರು ಶೇ. 39.4. 2021ರಲ್ಲಿ ಶೇ. 33 ನಿರೀಕ್ಷೆ; ಬಂದವರು 38.9. ಈ ಅಂಕಿಗಳಲ್ಲಿ ಇನ್ನೊಂದು ಸತ್ಯವೂ ಅಡಗಿದೆ. ಸಾಂಕ್ರಾಮಿಕಕ್ಕೆ ಮೊದಲೇ ಈ ಪಾಲು ಏರುತ್ತಿತ್ತು. ಕೋವಿಡ್ ಹೊಸ ಸಮಸ್ಯೆಯೊಂದನ್ನು ಹುಟ್ಟಿಸಲಿಲ್ಲ. ಇದ್ದ ಸಮಸ್ಯೆಯನ್ನು ಹಿಗ್ಗಿಸಿತು.

ನಮ್ಮಲ್ಲಿ ಆ ತಡ ಹೇಗಿತ್ತು

ಬಾಣಂತಿಯರ ಸಾವನ್ನು ಅಧ್ಯಯನ ಮಾಡುವವರು ಮೂರು ಬಗೆಯ ವಿಳಂಬಗಳನ್ನು ಬೇರೆ ಬೇರೆಯಾಗಿ ನೋಡುತ್ತಾರೆ: ಮನೆಯಲ್ಲಿ ತೀರ್ಮಾನ ಮಾಡುವ ವಿಳಂಬ, ದಾರಿಯ ವಿಳಂಬ, ಆಸ್ಪತ್ರೆಯೊಳಗಿನ ವಿಳಂಬ. ಈ ಮಕ್ಕಳ ವಿಷಯಕ್ಕೂ ಅದು ಹೊಂದುತ್ತದೆ. 2020ರ ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ನನ್ನ ಕೈಗೆ ಬಂದ ಏಳು ವರ್ಷದ ಒಬ್ಬ ಹುಡುಗಿಯ ವಿಷಯದಲ್ಲಿ ಮೂರೂ ಒಟ್ಟಿಗೇ ಇದ್ದವು.

ಮಗು ವಿಪರೀತ ನೀರು ಕುಡಿಯುತ್ತಿದ್ದುದನ್ನು ತಾಯಿ ಗಮನಿಸಿದ್ದರು. ಬೇಸಿಗೆ, ಬಿಸಿಲು, ಅದಕ್ಕೇ ಬಾಯಾರಿಕೆ ಅಂದುಕೊಂಡರು. ಪಕ್ಕದ ಮನೆಯವರು ತಂಪಾಗಲಿ ಎಂದು ಪಾನಕ ಮಾಡಿಕೊಟ್ಟರು, ಅಂಗಡಿಯ ಜ್ಯೂಸ್ ತಂದುಕೊಟ್ಟರು. ಮಗು ಸೊರಗಿದಾಗ ದೃಷ್ಟಿ ತೆಗೆದರು. ಶಾಲೆ ಮುಚ್ಚಿತ್ತು. ಶಾಲೆ ನಡೆಯುತ್ತಿದ್ದರೆ ತರಗತಿಯಲ್ಲಿ ಗಂಟೆಗೊಮ್ಮೆ ‘ಮಿಸ್, ಒಂದಕ್ಕೆ’ ಎಂದು ಏಳುವ ಮಗುವನ್ನು ಶಿಕ್ಷಕಿ ಗಮನಿಸುತ್ತಿದ್ದರು. ಮನೆಯವರದಲ್ಲದ ಆ ಎರಡನೇ ಕಣ್ಣು ಇಲ್ಲದೆ ಹೋಯಿತು. ವಾಂತಿ ಶುರುವಾದ ದಿನ ಅವರ ಬೀದಿ ಸೀಲ್‌ಡೌನ್ ಆಗಿತ್ತು. ಯಾವಾಗಲೂ ತೋರಿಸುತ್ತಿದ್ದ ಕ್ಲಿನಿಕ್ ಬಾಗಿಲು ಹಾಕಿತ್ತು. ಆಸ್ಪತ್ರೆಗೆ ಹೋದರೆ ಮಗುವನ್ನು ಬೇರೆ ಇಡುತ್ತಾರೆ, ತಾಯಿಯನ್ನು ಬಿಡುವುದಿಲ್ಲ ಎಂಬ ಹೆದರಿಕೆ ಬೇರೆ. ಮರುದಿನ ಉಸಿರು ಜೋರಾದಾಗ ಹೇಗೋ ಗಾಡಿ ಹಿಡಿದು ಹೊರಟರು.

ಮೊದಲು ಸಿಕ್ಕ ಆಸ್ಪತ್ರೆಯಲ್ಲಿ ಏದುಸಿರು ಕಂಡ ಕೂಡಲೇ ಕೋವಿಡ್ ಶಂಕೆ. ಗಂಟಲ ದ್ರವ ತೆಗೆದರು, ವರದಿ ಬರುವವರೆಗೆ ಬೇರೆ ಕೋಣೆಯಲ್ಲಿಟ್ಟರು. ಮಗು ತೀರಾ ಸುಸ್ತಾಗಿದೆ ಎಂದು ಗ್ಲೂಕೋಸ್ ಬಾಟಲಿ ಹಾಕಿದರು. ಸುಸ್ತಾದವರಿಗೆ ಗ್ಲೂಕೋಸ್ ಹಾಕಿಸಿ ಎಂದು ನಮ್ಮಲ್ಲಿ ಮನೆಯವರೇ ಕೇಳುತ್ತಾರೆ. ಅದು ಅಷ್ಟು ರೂಢಿಯ ಮಾತು. ನಮ್ಮಲ್ಲಿಗೆ ಕಳಿಸುವಾಗ ಮಗು ಮಂಪರಿನಲ್ಲಿತ್ತು. ಕಣ್ಣು ಗುಳಿಬಿದ್ದು ತುಟಿ ಒಡೆದಿತ್ತು, ಎದೆ ತಿದಿಯಂತೆ ಏಳುತ್ತ ಇಳಿಯುತ್ತ ಇತ್ತು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಮಾತ್ರ 98 ತೋರಿಸುತ್ತಿತ್ತು. ನರ್ಸ್ ಬೆರಳು ಚುಚ್ಚಿ ರಕ್ತ ಹಾಕಿದರು. ಗ್ಲುಕೋಮೀಟರ್ ಅಂಕಿ ಕೊಡಲಿಲ್ಲ, ‘ಹೈ’ ಎಂದಷ್ಟೇ ತೋರಿಸಿತು. ಸಕ್ಕರೆ 600 ದಾಟಿದರೆ ನಮ್ಮ ಮೀಟರ್ ಹಾಗೆಯೇ ತೋರಿಸುವುದು. ಪಿಎಚ್ 7ಕ್ಕಿಂತ ಕೆಳಗಿತ್ತು. ಕೋವಿಡ್ ವರದಿ ಮರುದಿನ ಬಂತು: ನೆಗೆಟಿವ್.

ಆ ಮಗು ಬದುಕಿತು. ಅವಳ ವಿಷಯದಲ್ಲಿ ಯಾರೂ ಕೆಡುಕು ಬಯಸಲಿಲ್ಲ, ಯಾರೂ ಕೈಕಟ್ಟಿ ಕೂರಲಿಲ್ಲ. ಎಲ್ಲರ ಮನಸ್ಸನ್ನೂ ಒಂದೇ ರೋಗ ಆವರಿಸಿಕೊಂಡಿತ್ತು, ಅಷ್ಟೆ. ಒಂದು ದಿನ ಕಾಯಬೇಕಾದ ಪರೀಕ್ಷೆ ಮೊದಲು ಆಯಿತು, ಕೆಲವು ಸೆಕೆಂಡುಗಳಲ್ಲಿ ಉತ್ತರ ಕೊಡುವ ಪರೀಕ್ಷೆ ಕೊನೆಗೆ ಆಯಿತು. ಕೀಟೋನ್ ಏರಿದ ಮಗುವಿನ ಉಸಿರಿಗೆ ಅತಿಯಾಗಿ ಕಳಿತ ಹಣ್ಣಿನ ವಾಸನೆ ಇರುತ್ತದೆ. ತಲೆಮಾರುಗಳಿಂದ ವೈದ್ಯರು ಆ ವಾಸನೆಯಿಂದಲೇ ರೋಗ ಹಿಡಿದದ್ದುಂಟು. ಎನ್-95 ಮುಖಗವಸಿನ ಹಿಂದೆ ನಮ್ಮ ಮೂಗಿಗೆ ಆ ಸುಳಿವೂ ಸಿಗುತ್ತಿರಲಿಲ್ಲ.

ದೂರವಾಣಿ ಚಿಕಿತ್ಸೆಗೆ ಕೇಂದ್ರ ಸರ್ಕಾರ 2020ರ ಮಾರ್ಚ್ 25ರಂದೇ ಮಾರ್ಗಸೂಚಿ ತಂದಿತು. ಅದರಿಂದ ಸಾವಿರಾರು ಜನರಿಗೆ ಉಪಕಾರವಾಯಿತು. ಆದರೆ ಫೋನಿನಲ್ಲಿ ‘ವಾಂತಿ, ಸುಸ್ತು’ ಎಂದು ಕೇಳಿದ ವೈದ್ಯರಿಗೆ ಮಗುವಿನ ಒಣಗಿದ ನಾಲಿಗೆ ಕಾಣದು. ಆ ಕರೆಯಲ್ಲಿ ‘ನೀರು ಎಷ್ಟು ಕುಡಿಯುತ್ತದೆ, ರಾತ್ರಿ ಎಷ್ಟು ಸಲ ಏಳುತ್ತದೆ’ ಎಂಬ ಎರಡು ಪ್ರಶ್ನೆ ಸೇರಿಸಿಕೊಂಡರೆ ಅರ್ಧ ರೋಗ ಅಲ್ಲೇ ಸಿಕ್ಕಿಬಿಡುತ್ತದೆ.

ತಡ ಕೇಳುವ ಬೆಲೆ

ಕೀಟೋಅಸಿಡೋಸಿಸ್‌ಗೆ ಚಿಕಿತ್ಸೆ ಇದೆ, ಆದರೆ ಅದು ಸೂಕ್ಷ್ಮದ ಕೆಲಸ. ಮೊದಲು ಲವಣಯುಕ್ತ ದ್ರವ, ಕನಿಷ್ಠ ಒಂದು ಗಂಟೆಯ ನಂತರ ಇನ್ಸುಲಿನ್, ಅದೂ ಮಗುವಿನ ತೂಕದ ಪ್ರತಿ ಕಿಲೋಗೆ ಗಂಟೆಗೆ 0.05ರಿಂದ 0.1 ಯೂನಿಟ್‌ನಂತೆ ನಿಧಾನವಾಗಿ. ಇನ್ಸುಲಿನ್ ಹರಿದಂತೆ ರಕ್ತದ ಪೊಟ್ಯಾಸಿಯಂ ಕೋಶಗಳೊಳಕ್ಕೆ ಸರಿಯುತ್ತದೆ. ಅದನ್ನು ತುಂಬಿಕೊಡದಿದ್ದರೆ ಹೃದಯದ ಬಡಿತ ತಪ್ಪುತ್ತದೆ. ಗಂಟೆಗೊಮ್ಮೆ ಸಕ್ಕರೆ, ಕೆಲವು ಗಂಟೆಗೊಮ್ಮೆ ಲವಣಾಂಶ, ಆಗಾಗ ಮಗುವನ್ನು ಮಾತನಾಡಿಸಿ ಪ್ರಜ್ಞೆಯ ಪರೀಕ್ಷೆ. ಅದಕ್ಕೆ ತರಬೇತಾದ ನರ್ಸ್ ಬೇಕು, ಐಸಿಯು ಹಾಸಿಗೆ ಬೇಕು. ಆ ಎರಡೂ ಸಿಗದ ದಿನಗಳಲ್ಲೇ ಇಂಥ ಮಕ್ಕಳು ಹೆಚ್ಚಾದರು.

ನಾವು ಅತಿ ಹೆಚ್ಚು ಹೆದರುವುದು ಮೆದುಳಿನ ಬಾವಿಗೆ. ಕೀಟೋಅಸಿಡೋಸಿಸ್ ಆದ ನೂರು ಮಕ್ಕಳಲ್ಲಿ ಒಬ್ಬರಿಗೆ, ಕೆಲವೊಮ್ಮೆ ಅದಕ್ಕಿಂತ ಕಡಿಮೆ ಮಂದಿಗೆ ಇದು ಬರುತ್ತದೆ. ಆದರೆ ಬಂದವರಲ್ಲಿ ಐವರಲ್ಲಿ ಒಬ್ಬರನ್ನಾದರೂ ಕಳೆದುಕೊಳ್ಳುತ್ತೇವೆ. ಉಳಿದವರಲ್ಲೂ ಕೆಲವರಿಗೆ ಶಾಶ್ವತ ನರದೋಷ ಉಳಿಯುತ್ತದೆ. ಚಿಕ್ಕ ವಯಸ್ಸು, ಮೊದಲ ಸಲ ಪತ್ತೆಯಾದ ರೋಗ, ಬಹಳ ದಿನದ ವಿಳಂಬ, ತೀವ್ರ ಹುಳಿ ಇವೆಲ್ಲ ಆ ಅಪಾಯವನ್ನು ಹೆಚ್ಚಿಸುತ್ತವೆ. ಸಾಂಕ್ರಾಮಿಕದ ದಿನಗಳಲ್ಲಿ ಬಂದ ಅನೇಕ ಮಕ್ಕಳಲ್ಲಿ ಈ ನಾಲ್ಕೂ ಇದ್ದವು.

ಗಂಡಾಂತರ ಕಳೆಯಿತು, ಇನ್ನೇನು ಚಿಂತೆಯಿಲ್ಲ ಎನ್ನುವಂತೆಯೂ ಇಲ್ಲ. ಅಮೆರಿಕದ ಕೊಲರಾಡೊದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ ಕಂಡದ್ದು: ರೋಗ ಪತ್ತೆಯಾಗುವಾಗ ತೀವ್ರ ಕೀಟೋಅಸಿಡೋಸಿಸ್ ಇದ್ದವರಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮುಂದಿನ ವರ್ಷಗಳಲ್ಲೂ, ಅದಿಲ್ಲದೆ ಬಂದವರಿಗಿಂತ, ಸುಮಾರು 1.4 ಶೇಕಡಾಂಶದಷ್ಟು ಹೆಚ್ಚೇ ಉಳಿಯುತ್ತದೆ. ಕಣ್ಣಿಗೆ, ಮೂತ್ರಪಿಂಡಕ್ಕೆ, ನರಗಳಿಗೆ ಮುಂದೆ ಬರುವ ತೊಂದರೆಗಳ ಬೀಜ ಅಲ್ಲೇ ಬೀಳುತ್ತದೆ.

ಮೊದಲೇ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಮಕ್ಕಳು

ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಇಪ್ಪತ್ತು ವರ್ಷದೊಳಗಿನ ಟೈಪ್ 1 ಮಧುಮೇಹಿಗಳು ಭಾರತದಲ್ಲಿ ಸುಮಾರು 2,29,400. ಜಗತ್ತಿನ ಬೇರಾವ ದೇಶದಲ್ಲೂ ಇಷ್ಟು ಮಂದಿ ಇಲ್ಲ. ಈ ಮಕ್ಕಳಿಗೆ ಲಾಕ್‌ಡೌನ್ ಬೇರೆ ಬಗೆಯ ಪರೀಕ್ಷೆಯಾಯಿತು. ಶ್ರೀಮಂತ ದೇಶಗಳಲ್ಲಿ, ಮೈಗೆ ಅಂಟಿಸಿದ ಸೆನ್ಸರ್ ಮತ್ತು ಪಂಪ್ ಇದ್ದ ಎಷ್ಟೋ ಮಕ್ಕಳ ಸಕ್ಕರೆ ಲಾಕ್‌ಡೌನ್‌ನಲ್ಲಿ ಸುಧಾರಿಸಿತು ಎಂದು ಅಧ್ಯಯನಗಳು ಹೇಳಿವೆ. ತಂದೆತಾಯಿ ಮನೆಯಲ್ಲೇ ಇದ್ದರು, ಊಟದ ಹೊತ್ತು ತಪ್ಪಲಿಲ್ಲ, ನಿದ್ದೆ ಸರಿಯಾಯಿತು. ಇನ್ಸುಲಿನ್ ಬಾಟಲಿಗಾಗಿ ತಾಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಬೇಕಾದ ಮನೆಯ ಮಗುವಿನ ಅನುಭವ ಇದಕ್ಕೆ ತದ್ವಿರುದ್ಧ. ಬಸ್ಸಿಲ್ಲ, ತಂದೆಗೆ ಕೂಲಿಯಿಲ್ಲ, ಟೆಸ್ಟ್ ಸ್ಟ್ರಿಪ್‌ಗೆ ದುಡ್ಡಿಲ್ಲ. ಇರುವುದನ್ನೇ ಹೆಚ್ಚು ದಿನ ಬರಿಸೋಣ ಎಂದು ಕೆಲವರು ಇನ್ಸುಲಿನ್‌ನ ಪ್ರಮಾಣ ತಗ್ಗಿಸಿದರು. ಒಂದೇ ಕಾಯಿಲೆ, ಒಬ್ಬರಿಗೆ ಬಿಡುವು ತಂದ ದಿನಗಳೇ ಇನ್ನೊಬ್ಬರಿಗೆ ಅಪಾಯ ತಂದವು.

ಈ ಮನೆಗಳವರಿಗೆ ಕೆಲವು ಮಾತು ನೇರವಾಗಿ ಹೇಳಬೇಕು. ಜ್ವರ ಬಂದ ಮಗು ಊಟ ಬಿಟ್ಟರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಜ್ವರದಲ್ಲಿ ದೇಹಕ್ಕೆ ಬಹುಮಟ್ಟಿಗೆ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ‘ತಿಂದೇ ಇಲ್ಲವಲ್ಲ, ಇಂಜೆಕ್ಷನ್ ಯಾಕೆ’ ಎಂದು ಬಿಟ್ಟ ಒಂದೆರಡು ಹೊತ್ತೇ ಸಾಕು, ಕೀಟೋನ್ ಏರಲು. ಎರಡು ಮೂರು ಗಂಟೆಗೊಮ್ಮೆ ಸಕ್ಕರೆ ನೋಡಿ, ಮೂತ್ರದಲ್ಲೋ ರಕ್ತದಲ್ಲೋ ಕೀಟೋನ್ ನೋಡಿ, ನೀರು, ಮಜ್ಜಿಗೆ, ತಿಳಿಗಂಜಿ ಗುಟುಕು ಗುಟುಕಾಗಿ ಕುಡಿಸಿ, ಪ್ರಮಾಣ ಎಷ್ಟೆಂದು ವೈದ್ಯರಿಗೆ ಫೋನ್ ಮಾಡಿ ಕೇಳಿ. ವಾಂತಿ ನಿಲ್ಲದಿದ್ದರೆ, ಉಸಿರು ಜೋರಾದರೆ ಹೊರಡಿ; ಬೆಳಗಾಗಲಿ ಎಂದು ಕಾಯಬೇಡಿ. ಫ್ರಿಜ್ ಇಲ್ಲದವರು ಎರಡು ಮಡಕೆಗಳ ನಡುವೆ ಒದ್ದೆ ಮರಳು ತುಂಬಿ, ಒಳಮಡಕೆಯಲ್ಲಿ ಬಾಟಲಿ ಇಟ್ಟು, ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡಿ. ಬಯಲುಸೀಮೆಯ ಬೇಸಿಗೆಯಲ್ಲಿ ಇನ್ಸುಲಿನ್ ಕೆಡದಂತೆ ಕಾಯಲು ಇದು ನಿಜಕ್ಕೂ ನೆರವಾಗುತ್ತದೆ.

ವೈರಾಣುವಿನ ಪಾತ್ರ

ಕೋವಿಡ್ ವೈರಾಣುವೇ ಮಕ್ಕಳಲ್ಲಿ ಮಧುಮೇಹ ಹುಟ್ಟಿಸುತ್ತದೆಯೇ ಎಂದು ತಂದೆತಾಯಂದಿರು ಕೇಳುತ್ತಾರೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಸಾಂಕ್ರಾಮಿಕದ ಮೊದಲ ವರ್ಷ ಮಕ್ಕಳಲ್ಲಿ ಹೊಸ ಟೈಪ್ 1 ಪ್ರಕರಣಗಳು ಮುಂಚಿಗಿಂತ ಶೇ. 14ರಷ್ಟು, ಎರಡನೇ ವರ್ಷ ಶೇ. 27ರಷ್ಟು ಹೆಚ್ಚಿದ್ದವು. ಏರಿಕೆ ಖಚಿತ, ಕಾರಣದ ಬಗ್ಗೆ ಒಮ್ಮತವಿಲ್ಲ. ಬೀಟಾ ಕೋಶಗಳ ನಾಶ ಬಹಳ ಮೊದಲೇ ಶುರುವಾಗಿರುವುದರಿಂದ, ಯಾವುದೇ ಸೋಂಕು ಒಳಗಿದ್ದ ರೋಗವನ್ನು ಬೇಗ ಹೊರತರಬಲ್ಲದು ಎಂಬ ಮಾತಿಗೆ ಹೆಚ್ಚು ಆಧಾರವಿದೆ.

ಹದಿಹರೆಯದವರಲ್ಲಿ ಇನ್ನೊಂದು ಬೆಳವಣಿಗೆ ಕಂಡಿತು. ಮನೆಯೊಳಗೇ ಕುಳಿತು, ಮೊಬೈಲ್ ಹಿಡಿದು, ಆಟ ಬಿಟ್ಟು ತೂಕ ಏರಿದವರಲ್ಲಿ ದೊಡ್ಡವರಿಗೆ ಬರುವ ಟೈಪ್ 2 ಮಧುಮೇಹ ಹೆಚ್ಚಿತು. ಅಮೆರಿಕದ 24 ಕೇಂದ್ರಗಳ ಲೆಕ್ಕದಲ್ಲಿ ಮೊದಲ ವರ್ಷದ ಹೆಚ್ಚಳ ಶೇ. 77. ಟೈಪ್ 2 ಇದ್ದವರೂ ಕೀಟೋಅಸಿಡೋಸಿಸ್‌ಗೆ ಜಾರಬಲ್ಲರು ಎಂಬುದನ್ನು ನಾವು ಆಗ ಹತ್ತಿರದಿಂದ ಕಂಡೆವು. 2021ರ ಬೇಸಿಗೆಯಲ್ಲಿ ನಾಡನ್ನು ನಡುಗಿಸಿದ ಕಪ್ಪು ಶಿಲೀಂಧ್ರ ಕೂಡ ಈ ಹುಳಿಯಾದ ರಕ್ತವನ್ನೇ ಅರಸಿ ಬರುವಂಥದ್ದು. ಆಮ್ಲ ಹೆಚ್ಚಾದಾಗ ರಕ್ತದ ಪ್ರೋಟೀನ್‌ನಿಂದ ಕಬ್ಬಿಣ ಬಿಡುಗಡೆಯಾಗುತ್ತದೆ. ಆ ಕಬ್ಬಿಣವೇ ಶಿಲೀಂಧ್ರಕ್ಕೆ ಆಹಾರ. ಸಕ್ಕರೆಯನ್ನು ಹೊತ್ತಿಗೆ ಸರಿಯಾಗಿ ಹಿಡಿದಿದ್ದರೆ ಆ ದಾರಿಯೂ ಮುಚ್ಚುತ್ತಿತ್ತು.

ಪಾರ್ಮಾ ಕಲಿಸಿದ ಪಾಠ

ಇಷ್ಟೆಲ್ಲ ಹೇಳಿದ ಮೇಲೆ ಭರವಸೆಗೆ ಆಧಾರವಿರುವ ಒಂದು ಊರಿನ ಕಥೆಯನ್ನೂ ಹೇಳಬೇಕು. ಕೋವಿಡ್‌ನ ಮೊದಲ ಹೊಡೆತಕ್ಕೆ ತತ್ತರಿಸಿದ ಉತ್ತರ ಇಟಲಿಯಲ್ಲೇ ಪಾರ್ಮಾ ಎಂಬ ಪ್ರಾಂತ್ಯವಿದೆ. 1987ರಿಂದ 1991ರವರೆಗೆ ಅಲ್ಲಿ ಹೊಸದಾಗಿ ರೋಗ ಪತ್ತೆಯಾದ ಮಕ್ಕಳಲ್ಲಿ ಶೇ. 78 ಮಂದಿ ಕೀಟೋಅಸಿಡೋಸಿಸ್‌ನಲ್ಲೇ ಬರುತ್ತಿದ್ದರು. ಮೌರಿಜಿಯೊ ವಾನೆಲ್ಲಿ ಎಂಬ ಮಕ್ಕಳ ವೈದ್ಯರು ಮತ್ತು ಅವರ ಜೊತೆಯವರು 1991ರಲ್ಲಿ ಒಂದು ಸರಳ ಕೆಲಸ ಶುರುಮಾಡಿದರು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿ ಬರುವುದು, ಇವನ್ನು ತೋರಿಸುವ ಭಿತ್ತಿಪತ್ರವನ್ನು ಪ್ರಾಂತ್ಯದ ಶಾಲೆಗಳಲ್ಲಿ ಹಾಕಿದರು. ಮಕ್ಕಳ ವೈದ್ಯರ ಕೈಗೆ ರಕ್ತ, ಮೂತ್ರದ ಸಕ್ಕರೆ ಅಳೆಯುವ ಸಾಧನ ಕೊಟ್ಟರು. ಮುಂದಿನ ಆರೇಳು ವರ್ಷಗಳಲ್ಲಿ ಆ ಪಾಲು ಶೇ. 12.5ಕ್ಕೆ ಇಳಿಯಿತು. ಭಿತ್ತಿಪತ್ರ ಹಾಕದ ನೆರೆಯ ಎರಡು ಪ್ರಾಂತ್ಯಗಳಿಂದ ಬಂದ ಮಕ್ಕಳಲ್ಲಿ ಅದು ಶೇ. 83 ಇತ್ತು. ಹೊಸ ಔಷಧ ಬರಲಿಲ್ಲ, ದೊಡ್ಡ ಆಸ್ಪತ್ರೆ ಕಟ್ಟಲಿಲ್ಲ. ನೋಡಬೇಕಾದವರಿಗೆ ಏನು ನೋಡಬೇಕೆಂದು ಹೇಳಿಕೊಟ್ಟರು.

ನಮ್ಮ ನಾಡಿನಲ್ಲಿ ಇದರ ಶಕ್ತಿಯನ್ನು ನಾನು ಒಂದು ಸಲ ಕಣ್ಣಾರೆ ಕಂಡಿದ್ದೇನೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಹಳ್ಳಿಯ ಗುಡಿಯ ಅಂಗಳ, ಅರಳಿಕಟ್ಟೆ, ಮನೆಯ ಜಗಲಿಗಳಲ್ಲಿ ಪಾಠ ಹೇಳಿದರು. ಹಾಗೆ ಪಾಠಕ್ಕೆ ಕೂತ ಹುಡುಗನೊಬ್ಬ ತನ್ನ ಬಾಟಲಿ ಖಾಲಿ ಮಾಡಿ ಪಕ್ಕದವರ ಬಾಟಲಿಗೂ ಕೈಹಾಕುವುದನ್ನು, ನಡುನಡುವೆ ಎದ್ದು ಬೇಲಿಯ ಕಡೆ ಓಡುವುದನ್ನು ಮೇಷ್ಟ್ರು ಗಮನಿಸಿದರು. ಅವರ ತಂಗಿಗೆ ಚಿಕ್ಕಂದಿನಿಂದ ಇದೇ ಕಾಯಿಲೆ ಇತ್ತು. ಅಂದೇ ಆಶಾ ಕಾರ್ಯಕರ್ತೆಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ನೋಡಿಸಿದರು, 400ರ ಮೇಲಿತ್ತು. ಆ ಹುಡುಗ ನಮ್ಮ ವಾರ್ಡಿಗೆ ಸ್ವಂತ ಕಾಲ ಮೇಲೆ ನಡೆದು ಬಂದ. ಅವನಿಗೆ ಡ್ರಿಪ್ ಕೂಡ ಹಾಕಬೇಕಾಗಲಿಲ್ಲ.

ನಾವು ಮಾಡಬಹುದಾದದ್ದು

ಆ ಮೇಷ್ಟ್ರಿಗೆ ತಿಳಿದಿದ್ದದ್ದು ಎಲ್ಲ ಶಿಕ್ಷಕರಿಗೂ ತಿಳಿದಿರಲಿ ಎಂಬುದೇ ನನ್ನ ಮೊದಲ ಬೇಡಿಕೆ. ಬಾಯಾರಿಕೆ, ಮೂತ್ರ, ತೂಕ ಇಳಿತ, ಸುಸ್ತು ಎಂಬ ನಾಲ್ಕು ಸೂಚನೆಗಳ ಕನ್ನಡ ಭಿತ್ತಿಪತ್ರ ಪ್ರತಿ ಶಾಲೆಯ ಕುಡಿಯುವ ನೀರಿನ ನಲ್ಲಿಯ ಪಕ್ಕ, ಪ್ರತಿ ಅಂಗನವಾಡಿಯ ಬಾಗಿಲಲ್ಲಿ ಇರಲಿ. ಒಂದು ಪುಟದ ಅಚ್ಚಿನ ಖರ್ಚು ಅದು.

ಎರಡನೆಯದು ಆರೋಗ್ಯ ಕೇಂದ್ರಗಳಿಗೆ. ಮೂವತ್ತು ದಾಟಿದವರ ಸಕ್ಕರೆ ತಪಾಸಣೆಗೆಂದು ಗ್ಲುಕೋಮೀಟರ್ ಈಗಾಗಲೇ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದಿದೆ. ಅದು ವಯಸ್ಸಾದವರ ಯಂತ್ರ ಎಂಬ ಭಾವನೆ ಹೋಗಬೇಕು. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರು ಇವುಗಳಲ್ಲಿ ಯಾವುದೊಂದಿದ್ದರೂ, ಮಗುವಿಗೆ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಬೆರಳ ತುದಿಯ ರಕ್ತ ನೋಡಬೇಕು. ಆಕ್ಸಿಮೀಟರ್ 97, 98 ತೋರಿಸುತ್ತಿದ್ದರೂ ಮಗು ಏದುಸಿರು ಬಿಡುತ್ತಿದ್ದರೆ ಕೂಡಲೇ ಸಕ್ಕರೆ ನೋಡಿ. ಶ್ವಾಸಕೋಶದಲ್ಲಿ ದೋಷವಿಲ್ಲದೆ ಉಸಿರು ಜೋರಾಗುವುದು ಈ ರೋಗದಲ್ಲಿ ಎಂದು ಆಗಲೇ ಹೇಳಿದೆ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಕೈಗೆ ಬಂದ ಪುಟ್ಟ ಆಕ್ಸಿಮೀಟರನ್ನು ಹೀಗೂ ಬಳಸಿಕೊಳ್ಳಬಹುದು.

ಮೂರನೆಯದು ಸರ್ಕಾರಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ರಲ್ಲಿ ಟೈಪ್ 1 ಮಧುಮೇಹದ ಆರೈಕೆಗೆ ಮಾರ್ಗಸೂಚಿ ಹೊರತಂದಿದೆ. ಅದು ತಾಲೂಕು ಆಸ್ಪತ್ರೆಯ ಮೇಜಿನ ಮೇಲೆ ಕೆಲಸಕ್ಕೆ ಬರಬೇಕಾದರೆ ಅಲ್ಲಿ ವರ್ಷವಿಡೀ ಇನ್ಸುಲಿನ್, ಸಿರಿಂಜ್, ಟೆಸ್ಟ್ ಸ್ಟ್ರಿಪ್ ಈ ಮಕ್ಕಳಿಗೆ ಉಚಿತವಾಗಿ ಸಿಗಬೇಕು. ಯಾವ ಊರಿನಲ್ಲಿ ಇಂಥ ಎಷ್ಟು ಮಕ್ಕಳಿದ್ದಾರೆ ಎಂಬ ಪಟ್ಟಿ ಜಿಲ್ಲೆಯಲ್ಲಿ ಇರಬೇಕು. ಮುಂದೊಮ್ಮೆ ಪ್ರವಾಹವೋ ಸಾಂಕ್ರಾಮಿಕವೋ ಬಂದು ರಸ್ತೆ ಮುಚ್ಚಿದರೆ ಮೂರು ತಿಂಗಳ ಇನ್ಸುಲಿನ್ ಯಾರ ಮನೆಗೆ ಮೊದಲು ತಲುಪಬೇಕು ಎಂಬುದು ಆ ಪಟ್ಟಿಯಿಂದಲೇ ತಿಳಿಯುವುದು. ಜರ್ಮನಿಯವರು ಎರಡೇ ತಿಂಗಳ ವ್ಯತ್ಯಾಸವನ್ನು ಅಷ್ಟು ಬೇಗ ಕಂಡುಕೊಂಡದ್ದು ಅಂಥ ಪಟ್ಟಿ ಇದ್ದುದರಿಂದ.

ಕೊನೆಯದಾಗಿ ತಂದೆತಾಯಂದಿರಿಗೆ. ಈ ಕಾಯಿಲೆ ಬಂದ ಮಗು ಓದುತ್ತದೆ, ಆಡುತ್ತದೆ, ಕೆಲಸಕ್ಕೆ ಸೇರುತ್ತದೆ, ಮದುವೆಯಾಗಿ ಸಂಸಾರ ಮಾಡುತ್ತದೆ. ಹೆಣ್ಣುಮಗುವಿಗೆ ಬಂದಾಗ ಮುಚ್ಚಿಡುವ ಮನೆಗಳಿವೆ. ದಯವಿಟ್ಟು ಮುಚ್ಚಿಡಬೇಡಿ, ಶಾಲೆಗೆ ತಿಳಿಸಿ, ನೆಂಟರಿಗೆ ತಿಳಿಸಿ. ಇನ್ಸುಲಿನ್ ಬಿಡಿಸಿ ಬೇರು, ಕಷಾಯದಲ್ಲಿ ಗುಣ ಮಾಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಟೈಪ್ 1 ಮಗುವಿಗೆ ಇನ್ಸುಲಿನ್ ಅನ್ನದಷ್ಟೇ ಅಗತ್ಯ.

ಈ ದತ್ತಿಯ ಹಿರಿಯರಲ್ಲಿ, ಸಭೆಯಲ್ಲಿರುವ ಶಿಕ್ಷಕರು ಮತ್ತು ವೈದ್ಯರಲ್ಲಿ ನನ್ನ ಕೋರಿಕೆ ಒಂದೇ. ಉಪನ್ಯಾಸ ಪುಸ್ತಕವಾಗಿ ಅಚ್ಚಾಗುತ್ತದೆ, ಸಂತೋಷ. ಅದರ ಜೊತೆಗೆ ಆ ಒಂದು ಪುಟದ ಭಿತ್ತಿಪತ್ರವೂ ಅಚ್ಚಾಗಲಿ. ಈ ತಾಲೂಕಿನ ಶಾಲೆಗಳಿಂದಲೇ ಶುರುಮಾಡೋಣ. ಬರೆಯುವ ಕೆಲಸ ನನ್ನದು. ಬರೆದದ್ದನ್ನು ಗೋಡೆಗೆ ಅಂಟಿಸಿ ಮಕ್ಕಳಿಗೆ ಓದಿ ಹೇಳುವ ಕೆಲಸ ನಿಮ್ಮದಾಗಲಿ. ಮುಂದಿನ ವರ್ಷ ಇದೇ ದಿನ ಎಷ್ಟು ಶಾಲೆಗಳಲ್ಲಿ ಅದು ಇದೆ, ಎಷ್ಟು ಮಕ್ಕಳು ಹೊತ್ತಿಗೆ ಸರಿಯಾಗಿ ಬಂದರು ಎಂಬ ಲೆಕ್ಕವನ್ನು ಈ ವೇದಿಕೆಯ ಮೇಲೆ ಒಪ್ಪಿಸೋಣ.